ಜಜ್ಜೋದಾ, ಕುದಿಸೋದಾ, ಅಗಿಯೋದಾ?

ಬೆಳ್ಳುಳ್ಳಿ ಬಿಪಿಗೆ, ಮೆಂತ್ಯ ಶುಗರ್‌ಗೆ, ಲವಂಗ ಹಲ್ಲಿಗೆ, ಅರಿಶಿನ ಎಲ್ಲದಕ್ಕೂ. ಮನೆಮದ್ದಿನ ಫಾರ್ವರ್ಡ್‌ಗಳು ಹೆಚ್ಚುಕಮ್ಮಿ ಇಷ್ಟೇ, ಒಂದು ಕಡೆ ಸಾಮಾನಿನ ಹೆಸರು, ಇನ್ನೊಂದು ಕಡೆ ಕಾಯಿಲೆ ಹೆಸರು, ಕೊನೇಲಿ ಕೈ ಮುಗಿಯೋ ಇಮೋಜಿ. ಎಷ್ಟು ತಗೋಬೇಕು, ಹಸಿದಾ ಒಣಗಿದ್ದಾ, ಜಜ್ಜಬೇಕಾ ಕುದಿಸಬೇಕಾ, ಎಷ್ಟು ದಿನ, ಯಾರು ಮುಟ್ಟಬಾರದು, ಇದ್ಯಾವುದೂ ಅದ್ರಲ್ಲಿ ಇರಲ್ಲ. ನನ್ನ ತಕರಾರು ಇರೋದು ಇಲ್ಲೇ. ಮನೆಮದ್ದನ್ನ ಸುಮ್ನೆ ನಗಾಡೋರ ಗುಂಪಿಗೂ ನಾನು ಸೇರಲ್ಲ, ಎಲ್ಲಾ ಕಾಯಿಲೆಗೂ ಅದೇ ಸಾಕು ಅನ್ನೋರ ಗುಂಪಿಗೂ ಸೇರಲ್ಲ, ಆದ್ರೆ ಇವತ್ತು ಉಳಿದಿರೋದು ಬರೀ ಹೆಸರುಗಳ ಪಟ್ಟಿ, ಮಾಡೋ ಕ್ರಮ ಕಳೆದುಹೋಗ್ತಾ ಇದೆ, ಮದ್ದಿನ ಅರ್ಧಕ್ಕರ್ಧ ಕೆಲಸ ಇರೋದು ಆ ಕ್ರಮದಲ್ಲೇ ಅಂತ ನಂಗೆ ಓದ್ತಾ ಓದ್ತಾ ಗಟ್ಟಿಯಾಗಿ ಅನ್ಸಿದೆ.

ಬೆಳ್ಳುಳ್ಳಿಯಿಂದ ಶುರು ಮಾಡೋಣ, ಯಾಕಂದ್ರೆ ಇದ್ರಲ್ಲಿ ವಿಷಯ ಮೂಗಿಗೇ ಗೊತ್ತಾಗತ್ತೆ. ಸಿಪ್ಪೆ ಸುಲಿದ ಒಂದು ಎಸಳನ್ನ ಎಲ್ಲೂ ಗಾಯ ಆಗದ ಹಾಗೆ ಹಿಡಿದು ಮೂಸಿ ನೋಡಿ, ಅಂಥ ವಾಸನೆ ಏನೂ ಬರಲ್ಲ. ಈಗ ಅದನ್ನ ಚಾಕುವಿನ ಅಗಲ ಭಾಗದಿಂದ ಒತ್ತಿ ಚಪ್ಪಟೆ ಮಾಡಿ, ಕೆಲವೇ ಸೆಕೆಂಡ್‌ಗೆ ಘಾಟು ಮೂಗಿಗೆ ಹೊಡೆಯತ್ತೆ, ಬೆರಳೆಲ್ಲ ಅಂಟಂಟು ಆಗತ್ತೆ. ಆ ಘಾಟು ಎಸಳಿನ ಒಳಗೆ ಮೊದಲೇ ಕೂತಿರಲಿಲ್ಲ, ಜಜ್ಜಿದ ಮೇಲೆ ತಯಾರಾಗಿದ್ದು. ಅಲ್ಲಿಇನ್ ಅನ್ನೋ ಪದಾರ್ಥ ಒಂದು ಕಡೆ ಇರತ್ತೆ, ಅಲ್ಲಿನೇಸ್ ಅನ್ನೋ ಕಿಣ್ವ ಇನ್ನೊಂದು ಕಡೆ ಬೇರೆಯಾಗಿ ಇರತ್ತೆ, ಜೀವಕೋಶ ಒಡೆದಾಗ ಎರಡೂ ಸೇರಿ ಅಲ್ಲಿಸಿನ್ ಹುಟ್ಟತ್ತೆ. ಇದನ್ನ 1944ರಲ್ಲಿ ಕವಲಿಟೊ ಮತ್ತು ಬೈಲಿ ಅನ್ನೋ ಅಮೆರಿಕದ ರಸಾಯನಶಾಸ್ತ್ರಜ್ಞರು ಬೇರ್ಪಡಿಸಿದ್ರು, ಬ್ಯಾಕ್ಟೀರಿಯಾ ಕೊಲ್ಲೋ ಗುಣ ಇರೋದು ಇದಕ್ಕೇ ಅಂತಾನೂ ತೋರಿಸಿದ್ರು.

ಈಗ ಯೋಚಿಸಿ, ಸುಲಿದ ಎಸಳನ್ನ ಹಾಗೇ ಬಿಸಿ ಎಣ್ಣೆಗೋ ಕುದಿಯೋ ನೀರಿಗೋ ಹಾಕಿದ್ರೆ ಏನಾಗತ್ತೆ? ಕಿಣ್ವ ಬಿಸಿಗೆ ಸತ್ತುಹೋಗತ್ತೆ, ಅಲ್ಲಿಸಿನ್ ಹುಟ್ಟೋದಕ್ಕೆ ಅವಕಾಶವೇ ಸಿಗಲ್ಲ. ಬೆಳಿಗ್ಗೆ ಖಾಲಿ ಹೊಟ್ಟೇಲಿ ಇಡೀ ಎಸಳನ್ನ ಮಾತ್ರೆ ಥರ ನೀರಲ್ಲಿ ನುಂಗೋರೂ ಇದ್ದಾರೆ, ಬಾಯಿ ವಾಸನೆ ಬರಬಾರದು ಅಂತ, ಅವರಿಗೂ ಇದೇ ಕಥೆ, ಯಾಕಂದ್ರೆ ಹೊಟ್ಟೆಯ ಆಮ್ಲಕ್ಕೂ ಆ ಕಿಣ್ವ ನಿಲ್ಲಲ್ಲ. ಜಜ್ಜಿ ಒಂದು 10 ನಿಮಿಷ ಹಾಗೇ ಬಿಟ್ಟು ಆಮೇಲೆ ಬಿಸಿಗೆ ಹಾಕಿದ್ರೆ ಗುಣ ಸ್ವಲ್ಪವಾದ್ರೂ ಉಳಿಯತ್ತೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಇಷ್ಟೇ ಇಷ್ಟು ವ್ಯತ್ಯಾಸ, ಆದ್ರೆ ಯಾವ ಫಾರ್ವರ್ಡ್‌ನಲ್ಲೂ ಇದನ್ನ ಬರೆದಿರೋದು ನಾನು ನೋಡಿಲ್ಲ. ಬಿಪಿ ವಿಷಯಕ್ಕೆ ಬಂದ್ರೆ, ಬಿಪಿ ಜಾಸ್ತಿ ಇರೋರಲ್ಲಿ ಬೆಳ್ಳುಳ್ಳಿ ಅದನ್ನ ಸ್ವಲ್ಪ ಇಳಿಸತ್ತೆ ಅನ್ನೋದಕ್ಕೆ ಆಧಾರ ಇದೆ, ಆದ್ರೆ ಆ ಪ್ರಯೋಗಗಳಲ್ಲಿ ಬಹಳಷ್ಟು ನಡೆದಿರೋದು ಪುಡಿ ಮಾತ್ರೆ ಮತ್ತೆ ತಿಂಗಳುಗಟ್ಟಲೆ ಹದ ಮಾಡಿದ ಸಾರದ ಮೇಲೆ, ಮಾತ್ರೆ ಬಿಟ್ಟು ಎರಡು ಎಸಳು ತಿನ್ನಿ ಅಂತ ಅದರ ಅರ್ಥ ಖಂಡಿತ ಅಲ್ಲ. ಇನ್ನೊಂದು, ಜಜ್ಜಿದ ಹಸಿ ಬೆಳ್ಳುಳ್ಳಿನ ನೋವಿರೋ ಜಾಗಕ್ಕೆ ಬಟ್ಟೆ ಸುತ್ತಿ ರಾತ್ರಿಯಿಡೀ ಕಟ್ಟೋದು ಬೇಡವೇ ಬೇಡ, ಚರ್ಮ ಸುಟ್ಟು ಬೊಬ್ಬೆ ಬಂದ ಕೇಸ್‌ಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಎಷ್ಟೋ ಇವೆ.

ಶುಂಠಿದು ಇನ್ನೊಂದು ಥರ. ಹಸಿಶುಂಠಿ ಬೇರೆ ಮದ್ದು, ಒಣಶುಂಠಿ ಬೇರೆ ಮದ್ದು ಅಂತ ಹಳಬರು ಎರಡನ್ನೂ ಬೇರೆ ಬೇರೆ ಇಟ್ಟಿದ್ರು, ಕೇಳಿದಾಗ ಇದೇನು ಶಾಸ್ತ್ರ ಅನ್ಸತ್ತೆ, ಆದ್ರೆ ನಿಜವಾಗ್ಲೂ ಅದ್ರ ಒಳಗಿನ ರಸಾಯನವೇ ಬದಲಾಗತ್ತೆ. ಹಸಿದ್ರಲ್ಲಿ ಜಿಂಜರಾಲ್ ಅನ್ನೋ ಖಾರದ ಅಂಶ ಜಾಸ್ತಿ, ಒಣಗಿಸಿದಾಗ ಅದ್ರಲ್ಲಿ ಒಂದಷ್ಟು ನೀರಿನಂಶ ಕಳ್ಕೊಂಡು ಶೋಗಾಲ್ ಆಗತ್ತೆ, ಇದರ ಖಾರ ಇನ್ನೂ ಜಾಸ್ತಿ. ಬೇಯಿಸಿದ್ರೆ ಜಿಂಜೆರೋನ್ ಅನ್ನೋ ಸೌಮ್ಯವಾದದ್ದು ಬರತ್ತೆ, ಅದಕ್ಕೇ ಬೆಂದ ಶುಂಠಿ ಬಾಯಿಗೆ ಅಷ್ಟು ಚುರುಗುಟ್ಟಲ್ಲ. ಒಣಶುಂಠಿ, ಕಾಳುಮೆಣಸು, ಹಿಪ್ಪಲಿ ಸೇರಿಸಿದ ತ್ರಿಕಟು ಅನ್ನೋ ಆಯುರ್ವೇದದ ಪುಡೀಲಿ ಹಸಿಶುಂಠಿ ಹಾಕಲ್ಲ, ಯಾಕೆ ಅಂತ ಈಗ ನೋಡಿದ್ರೆ ಅರ್ಥ ಆಗತ್ತೆ.

ಶುಂಠಿಗೆ ಗಟ್ಟಿ ಆಧಾರ ಇರೋದು ವಾಕರಿಕೆ ವಿಷಯದಲ್ಲಿ. 1982ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಒಂದು ಮಜವಾದ ಪ್ರಯೋಗ ಬಂತು, ಬೇಗ ತಲೆ ಸುತ್ತೋ ಸ್ವಭಾವದ ವಿದ್ಯಾರ್ಥಿಗಳನ್ನ ಕಣ್ಣು ಕಟ್ಟಿ ಓರೆಯಾಗಿರೋ ತಿರುಗೋ ಕುರ್ಚೀಲಿ ಕೂರಿಸಿ ಗರಗರ ತಿರುಗಿಸಿದ್ರು, ಶುಂಠಿ ಪುಡಿ ಕ್ಯಾಪ್ಸೂಲ್ ತಗೊಂಡೋರು ಪ್ರಯಾಣದ ವಾಂತಿ ಮಾತ್ರೆ ತಗೊಂಡೋರಿಗಿಂತ ಜಾಸ್ತಿ ಹೊತ್ತು ತಡ್ಕೊಂಡ್ರು. ಆಮೇಲೆ ಬಂದ ಪ್ರಯೋಗಗಳೆಲ್ಲ ಒಂದೇ ಥರ ಇಲ್ಲ, ಪ್ರಯಾಣದ ವಾಕರಿಕೆಗೆ ಫಲಿತಾಂಶ ಆಕಡೆ ಈಕಡೆ, ಆದ್ರೆ ಗರ್ಭಿಣಿಯರ ವಾಕರಿಕೆಗೆ ದಿನಕ್ಕೆ ಸುಮಾರು 1 ಗ್ರಾಂ ಒಣ ಪುಡಿಯನ್ನ ಎರಡು ಮೂರು ಸಲವಾಗಿ ಕೊಟ್ಟು ನೋಡಿದಾಗ ಕಮ್ಮಿ ಆಗಿರೋದು ಪದೇ ಪದೇ ಕಂಡಿದೆ. ಗಮನಿಸಿ, 1 ಗ್ರಾಂ, ಅಂದ್ರೆ ಅರ್ಧ ಟೀ ಚಮಚದಷ್ಟು, ಅದೂ ಇಡೀ ದಿನಕ್ಕೆ. ಸ್ಟ್ರಾಂಗ್ ಆಗ್ಲಿ ಅಂತ ಮುಷ್ಟಿ ಶುಂಠಿ ಅರೆದು ಕುಡಿದು ಎದೆಯುರಿ ಬರಿಸ್ಕೊಳೋದು ಮದ್ದೂ ಆಗಲ್ಲ ಏನೂ ಆಗಲ್ಲ.

ಅರಿಶಿನದ ಬಗ್ಗೆ ನಂಗೆ ಸ್ವಲ್ಪ ಜಾಸ್ತಿನೇ ಹೇಳೋದಿದೆ, ಯಾಕಂದ್ರೆ ಜಾಸ್ತಿ ಸುಳ್ಳು ಓಡಾಡ್ತಿರೋದೂ ಇದ್ರ ಹೆಸರಲ್ಲೇ. ಗಾಯಕ್ಕೆ ಅರಿಶಿನ ಹಚ್ಚೋದು ಎಷ್ಟು ಹಳೇದು ಅನ್ನೋದು ಒಂದ್ಸಲ ಪೇಟೆಂಟ್ ಆಫೀಸಿನಲ್ಲೇ ಸಾಬೀತಾಗಿದೆ. 1995ರಲ್ಲಿ ಅಮೆರಿಕದ ಮಿಸಿಸಿಪಿ ಯೂನಿವರ್ಸಿಟಿ ಮೆಡಿಕಲ್ ಸೆಂಟರ್‌ಗೆ ಅರಿಶಿನದಿಂದ ಗಾಯ ಮಾಯಿಸೋ ವಿಧಾನಕ್ಕೆ ಪೇಟೆಂಟ್ ಸಿಕ್ತು, ನಮ್ಮ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹಳೇ ಗ್ರಂಥಗಳು ಮತ್ತೆ 1953ರ ಒಂದು ವೈದ್ಯಕೀಯ ಪತ್ರಿಕೆ ಲೇಖನ ಎಲ್ಲಾ ಮುಂದಿಟ್ಟು ಇದ್ರಲ್ಲಿ ಹೊಸದೇನಿಲ್ಲ ಅಂತ ತಕರಾರು ಹಾಕ್ತು, 1997ರಲ್ಲಿ ಪೇಟೆಂಟ್ ರದ್ದಾಯ್ತು. ಈ ಕಥೆನ ಎಲ್ಲರೂ ಹೆಮ್ಮೆಯಿಂದ ಹೇಳ್ತಾರೆ, ಆದ್ರೆ ಅದು ಹಳೇದು ಅಂತ ಸಾಬೀತಾಯ್ತೇ ಹೊರತು ಎಷ್ಟರಮಟ್ಟಿಗೆ ಕೆಲಸ ಮಾಡತ್ತೆ ಅನ್ನೋ ಪ್ರಶ್ನೆಗೆ ಅಲ್ಲಿ ಯಾರೂ ಕೈ ಹಾಕಿರಲಿಲ್ಲ.

ಅರಿಶಿನದ ಪುಡೀಲಿ ಕರ್ಕ್ಯುಮಿನ್, ಅಂದ್ರೆ ಮದ್ದಿನ ಗುಣ ಇದೆ ಅನ್ನೋ ಹಳದಿ ಅಂಶ, ಇರೋದು ಸುಮಾರು 3% ಅಷ್ಟೇ. ಒಂದು ಟೀ ಚಮಚ ಪುಡೀಲಿ ಕರ್ಕ್ಯುಮಿನ್ 100 ಮಿಲಿಗ್ರಾಂ ಹತ್ರ. ಅದು ನೀರಲ್ಲಿ ಕರಗಲ್ಲ, ಕೊಬ್ಬಲ್ಲಿ ಕರಗತ್ತೆ, ಒಳಗೆ ಹೋಗಿದ್ದನ್ನೂ ಕರುಳು ಮತ್ತು ಲಿವರ್ ಸೇರಿ ಬೇಗ ಬೇಗ ಹೊರಗೆ ಸಾಗಿಸಿಬಿಡತ್ತೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಪ್ರಕಟಿಸಿದ ಒಂದು ಅಧ್ಯಯನ ಇದೆ, 2 ಗ್ರಾಂ ಕರ್ಕ್ಯುಮಿನ್ ಒಂದನ್ನೇ ಕೊಟ್ಟಾಗ ರಕ್ತದಲ್ಲಿ ಅದು ಕಂಡೂ ಕಾಣದ ಹಾಗಿತ್ತು, ಜೊತೆಗೆ 20 ಮಿಲಿಗ್ರಾಂ ಪೈಪರಿನ್, ಅಂದ್ರೆ ಕಾಳುಮೆಣಸಿನ ಖಾರದ ಅಂಶ, ಸೇರಿಸಿದಾಗ ರಕ್ತಕ್ಕೆ ಸಿಗೋ ಪ್ರಮಾಣ 2000% ಹೆಚ್ಚಾಯ್ತು. ಇವತ್ತು ಅರಿಶಿನದ ಕ್ಯಾಪ್ಸೂಲ್ ಡಬ್ಬಿಗಳ ಮೇಲೆಲ್ಲ ಮೆಣಸಿನ ಚಿತ್ರ ಇರೋದಕ್ಕೆ ಕಾರಣ ಇದೇ. (ಪೈಪರಿನ್‌ನ ಮೊದಲು ಬೇರ್ಪಡಿಸಿದ್ದು ಯಾರು ಗೊತ್ತಾ, 1819ರಲ್ಲಿ ಓರ್‌ಸ್ಟೆಡ್, ಸ್ಕೂಲಲ್ಲಿ ವಿದ್ಯುತ್ತಿಗೂ ಅಯಸ್ಕಾಂತಕ್ಕೂ ನಂಟಿದೆ ಅಂತ ಪಾಠದಲ್ಲಿ ಓದಿರ್ತೀವಲ್ಲ, ಅದೇ ಡೆನ್ಮಾರ್ಕಿನ ವಿಜ್ಞಾನಿ.)

ಇಲ್ಲಿ ಜನ ಮರೆಯೋ ಒಂದು ವಿಷಯ ಇದೆ. ಕಾಳುಮೆಣಸು ಕರ್ಕ್ಯುಮಿನ್‌ಗೆ ಪ್ರತ್ಯೇಕವಾಗಿ ಏನೋ ಉಪಕಾರ ಮಾಡ್ತಿಲ್ಲ, ಲಿವರ್ ಮತ್ತು ಕರುಳು ಹೊರಗಿನ ಪದಾರ್ಥಗಳನ್ನ ಒಡೆದು ಕಳಿಸೋ ಕೆಲಸವನ್ನೇ ಅದು ನಿಧಾನ ಮಾಡತ್ತೆ. ಹಾಗಾಗಿ ಫಿಟ್ಸ್‌ಗೆ ಕೊಡೋ ಫೆನಿಟಾಯಿನ್, ಬಿಪಿಗೆ ಕೊಡೋ ಪ್ರೊಪ್ರನಲಾಲ್, ದಮ್ಮಿಗೆ ಕೊಡೋ ಥಿಯೋಫಿಲಿನ್ ಇವೆಲ್ಲಾ ಕೂಡ ಪೈಪರಿನ್ ಜೊತೆ ರಕ್ತದಲ್ಲಿ ಜಾಸ್ತಿ ಆಗತ್ತೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಅಡುಗೆಗೆ ಹಾಕೋ ಚಿಟಿಕೆ ಮೆಣಸಿಗೆ ಇಷ್ಟು ತಲೆ ಕೆಡಿಸ್ಕೊಳ್ಳೋದು ಬೇಡ, ದಿನಾ ನುಂಗೋ ಕ್ಯಾಪ್ಸೂಲ್ ಆದ್ರೆ ಖಂಡಿತ ಕೇಳಬೇಕು. ಹಾಗೇ ಈ ಜಾಸ್ತಿ ಹೀರಿಕೊಳ್ಳೋ ಹಾಗೆ ಮಾಡಿದ ಅರಿಶಿನ ಸಪ್ಲಿಮೆಂಟ್ ತಗೊಂಡು ಲಿವರ್‌ಗೆ ಪೆಟ್ಟಾದ ಕೇಸ್‌ಗಳು ಇಟಲಿ, ಅಮೆರಿಕ ಎಲ್ಲಾ ಕಡೆ ವರದಿ ಆಗಿವೆ. ಅಡುಗೆಯಲ್ಲಿ ಜೀವನಪೂರ್ತಿ ತಿಂದ್ರೂ ಆಗದ್ದು ಡಬ್ಬೀಲಿ ಬಂದಾಗ ಆಗತ್ತೆ, ಯಾಕಂದ್ರೆ ಪ್ರಮಾಣವೂ ಬೇರೆ, ರೂಪವೂ ಬೇರೆ. ಪುಡಿಯ ಬಣ್ಣ ಕಣ್ಣು ಕುಕ್ಕೋ ಹಾಗಿದ್ರೆ ಅನುಮಾನ ಪಡಿ, ಲೆಡ್ ಕ್ರೋಮೇಟ್ ಅನ್ನೋ ಸೀಸದ ಹಳದಿ ಬಣ್ಣ ಕಲಬೆರಕೆ ಮಾಡೋದು ಬರೀ ಗಾಳಿಮಾತಲ್ಲ, ಬಾಂಗ್ಲಾದೇಶದಲ್ಲಿ ಸಂಶೋಧಕರು ಅದನ್ನ ಹಿಡಿದು ತೋರಿಸಿದ್ದಾರೆ, ಮಕ್ಕಳ ಮೆದುಳಿಗೆ ಸೀಸದಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಆದಷ್ಟು ಕೊಂಬನ್ನೇ ತಂದು ಪುಡಿ ಮಾಡ್ಕೊಳ್ಳಿ.

ಲವಂಗ ನಂಗೆ ಇಷ್ಟದ ಮದ್ದು, ಯಾಕಂದ್ರೆ ಸುಮ್ನೆ ನಂಬಿ ಅಂತ ಹೇಳಲ್ಲ, ಕೂತಲ್ಲೇ ತೋರಿಸಿಬಿಡತ್ತೆ. ನೋಯ್ತಿರೋ ಹಲ್ಲಿನ ಪಕ್ಕಕ್ಕೆ ಒಂದು ಲವಂಗ ಇಟ್ಕೊಂಡು ಮೆಲ್ಲಗೆ ಕಚ್ಚಿ, ಮೊದ್ಲು ಮೊಗ್ಗಿನ ತಲೆ ಪುಡಿ ಆಗತ್ತೆ, ಕಹಿ ಬರತ್ತೆ, ಆಮೇಲೆ ಕೆನ್ನೆ ಒಳಗೆ ಬಿಸಿ ಏರತ್ತೆ, ಬಾಯ್ತುಂಬ ಜೊಲ್ಲು, ಇನ್ನೊಂದೆರಡು ನಿಮಿಷಕ್ಕೆ ಒಸಡು ದಪ್ಪ ಆದ ಹಾಗೆ, ನಾಲಿಗೆ ಆ ಕಡೆ ಹೋದ್ರೆ ಅಲ್ಲಿ ಏನೂ ಇಲ್ಲದ ಹಾಗೆ ಜೋಮು. ಲವಂಗದಲ್ಲಿರೋ ಯೂಜಿನಾಲ್ ಅನ್ನೋ ಅಂಶದ ಕೆಲಸ ಅದು. ಹಲ್ಲಿನ ಡಾಕ್ಟರ ಹತ್ರ ಹೋದಾಗ ಮೂಗಿಗೆ ಬಡಿಯೋ ಆ ವಾಸನೆ ಇದ್ಯಲ್ಲ, ಅದೂ ಇದೇ, ತಾತ್ಕಾಲಿಕವಾಗಿ ಹಲ್ಲು ತುಂಬಿಸೋಕೆ ಝಿಂಕ್ ಆಕ್ಸೈಡ್ ಜೊತೆ ಯೂಜಿನಾಲ್ ಕಲಸಿ ಹಾಕ್ತಾರೆ, ಬಹಳ ಕಾಲದಿಂದ ನಡೆದುಬಂದಿದೆ. ಆದ್ರೆ ಲವಂಗ ನರವನ್ನ ಮರಗಟ್ಟಿಸತ್ತೆ ಅಷ್ಟೇ, ಹುಳುಕನ್ನ ತೆಗೆಯಲ್ಲ, ಒಳಗೆ ಕೀವು ಇದ್ರೆ ಅದು ಅಲ್ಲೇ ಇರತ್ತೆ. ಮೊಗ್ಗು ಮತ್ತೆ ಎಣ್ಣೆ ಒಂದೇ ಅಂತ ತಿಳ್ಕೊಳ್ಳೋದೂ ತಪ್ಪು. ಎಣ್ಣೇಲಿ ಬಹುಪಾಲು ಯೂಜಿನಾಲ್ಲೇ, ನೇರವಾಗಿ ಹಾಕಿದ್ರೆ ಒಸಡು ಸುಡತ್ತೆ, ಬೇರೆ ಎಣ್ಣೇಲಿ ತೆಳು ಮಾಡಿ ಹತ್ತಿಯಲ್ಲಿ ಮುಟ್ಟಿಸಬೇಕು. ಪುಟ್ಟ ಮಕ್ಕಳು ಒಂದೆರಡು ಚಮಚ ಲವಂಗದೆಣ್ಣೆ ಕುಡಿದು ಲಿವರ್ ಹಾಳಾಗಿ ಪ್ರಜ್ಞೆ ತಪ್ಪಿದ ಕೇಸ್‌ಗಳಿವೆ, ಹಾಗಾಗಿ ಆ ಪುಟಾಣಿ ಬಾಟಲಿನ ಮಾತ್ರೆಗಳ ಜೊತೆ ಮೇಲಿನ ಶೆಲ್ಫಲ್ಲಿ ಇಡಿ, ಮಸಾಲೆ ಡಬ್ಬಿ ಪಕ್ಕ ಬೇಡ.

ಇನ್ನು ಕುದಿಸೋ ವಿಚಾರ. ಕಷಾಯ ಅಂದ್ರೆ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಅರ್ಧಕ್ಕಿಳಿಯೋ ತನಕ ಕುದಿಸೋದು ಅಂತ ಜನ ಅಂದ್ಕೊಂಡಿದ್ದಾರೆ. ಬೇರು, ಚಕ್ಕೆ, ಗಟ್ಟಿ ಕಾಯಿಗೆ ಅದು ಸರಿ. ಆದ್ರೆ ಓಮದಲ್ಲಿ ಇರೋ ಥೈಮಾಲ್, ತುಳಸಿ ದೊಡ್ಡಪತ್ರೆ ಪೆಪ್ಪರ್‌ಮಿಂಟ್ ಎಲೆಗಳ ಎಣ್ಣೆ, ಇವೆಲ್ಲಾ ಹಬೆ ಜೊತೆ ಹಾರಿಹೋಗೋ ಅಂಥವು. ಮುಚ್ಚಳ ತೆಗೆದು ಕುದಿಸ್ತಾ ನಿಂತ್ರೆ ಇಡೀ ಅಡುಗೆಮನೆ ಘಮ್ ಅನ್ನತ್ತೆ, ಆಹಾ ಎಷ್ಟು ಸ್ಟ್ರಾಂಗು ಅಂತ ಖುಷಿ ಪಡ್ತೀವಿ, ಮದ್ದು ಗಾಳಿಗೆ ಹೋಯ್ತು, ಲೋಟಕ್ಕೆ ಬಂದಿದ್ದು ಬಣ್ಣದ ನೀರು. ಓಮನ ಸ್ವಲ್ಪ ಕುಟ್ಟಿ, ಒಲೆ ಆರಿಸಿ, ಬಿಸಿನೀರಿಗೆ ಹಾಕಿ ತಟ್ಟೆ ಮುಚ್ಚಿಡಬೇಕು, ತಟ್ಟೆ ಅಡಿ ಕೂತಿರೋ ಹನೀನೂ ಲೋಟಕ್ಕೇ ಉದುರಿಸಬೇಕು. ಥೈಮಾಲ್ ಏನು ಸಣ್ಣಪುಟ್ಟದ್ದಲ್ಲ, ಲಿಸ್ಟರಿನ್‌ನಂಥ ಬಾಯಿ ಮುಕ್ಕಳಿಸೋ ದ್ರವದಲ್ಲಿ ಇರೋದು ಇದೇ.

ಕುದಿಸಬೇಕಾ ಬೇಡ್ವಾ ಅನ್ನೋ ಪ್ರಶ್ನೆಯಿಂದ ಒಂದು ನೊಬೆಲ್ಲೇ ಬಂದಿದೆ ಅಂದ್ರೆ ನಂಬ್ತೀರಾ. ಚೀನಾದ ತು ಯೂಯೂ ಮಲೇರಿಯಾಗೆ ಹಳೇ ಗಿಡಮೂಲಿಕೆಗಳನ್ನ ಜಾಲಾಡ್ತಾ ಇದ್ದಾಗ ಚಿಂಗ್‌ಹಾವ್ ಅನ್ನೋ ಗಿಡದ ಸಾರ ಒಂದ್ಸಲ ಕೆಲಸ ಮಾಡೋದು ಇನ್ನೊಂದ್ಸಲ ಕೈ ಕೊಡೋದು. 4ನೇ ಶತಮಾನದ ವೈದ್ಯ ಗೆ ಹಾಂಗ್ ಬರೆದದ್ದನ್ನ ಮತ್ತೆ ಓದಿದ್ರೆ, ಒಂದು ಹಿಡಿ ಸೊಪ್ಪು ನೀರಲ್ಲಿ ನೆನೆಸಿ ಹಿಂಡಿ ರಸ ಕುಡೀರಿ ಅಂತಿತ್ತು, ಕುದಿಸಿ ಅಂತ ಎಲ್ಲೂ ಇರಲಿಲ್ಲ. ಬಿಸಿಗೇ ಹಾಳಾಗ್ತಿದೆ ಅಂತ ಹೊಳೀತು, ಸುಮಾರು 35 ಡಿಗ್ರಿಗೇ ಕುದಿಯೋ ಈಥರ್ ಅನ್ನೋ ದ್ರಾವಕದಲ್ಲಿ ಸಾರ ತೆಗೆದ್ರು, 1971ರಲ್ಲಿ ಅದು ಇಲಿಗಳಲ್ಲಿ ಮಲೇರಿಯಾ ಪರಾವಲಂಬಿಯನ್ನ ಪೂರ್ತಿ ಅಳಿಸಿಹಾಕ್ತು, 2015ರಲ್ಲಿ ನೊಬೆಲ್ ಬಂತು. ಹಾಗಂತ ಆ ಗಿಡದ ಟೀ ಕುಡಿದ್ರೆ ಮಲೇರಿಯಾ ಹೋಗತ್ತಾ ಅಂದ್ರೆ ಇಲ್ಲ, ಎಷ್ಟು ಅಂಶ ಒಳಗೆ ಹೋಗತ್ತೆ ಅಂತ ಅಳತೆ ಇಲ್ಲ, ಡಬ್ಲ್ಯೂಎಚ್‌ಒ ಅದನ್ನ ಬೇಡ ಅಂತಾನೇ ಹೇಳತ್ತೆ.

ಪೆಪ್ಪರ್‌ಮಿಂಟ್ ಅಂದಾಗ ನೆನಪಾಯ್ತು, ಮೂಗು ಕಟ್ಟಿದಾಗ ಅದ್ರಲ್ಲಿರೋ ತಂಪಿನ ಅಂಶ ಮೆಂಥಾಲ್ ಮೂಸಿದ್ರೆ ಮೂಗು ಬಿಟ್ಕೊಳ್ಳತ್ತೆ ಅಂತ ಅನ್ಸತ್ತಲ್ಲ, ಅಳೆದು ನೋಡಿದ್ರೆ ಗಾಳಿ ಹೋಗೋ ದಾರಿ ಒಂದಿಷ್ಟೂ ಅಗಲ ಆಗಿರಲ್ಲ. ತಂಪು ಗ್ರಹಿಸೋ ಟಿಆರ್‌ಪಿಎಂ8 ಅನ್ನೋ ಗ್ರಾಹಕವನ್ನ ಮೆಂಥಾಲ್ ಎಬ್ಬಿಸತ್ತೆ, ಮೆದುಳಿಗೆ ಗಾಳಿ ಚೆನ್ನಾಗಿ ಬರ್ತಿದೆ ಅನ್ಸತ್ತೆ. ಮೆಣಸಿನಕಾಯಿ ಖಾರದಿಂದ ಬಿಸಿ ಗ್ರಾಹಕ ಕಂಡುಹಿಡಿದು, ಮೆಂಥಾಲ್‌ನಿಂದ ಈ ತಂಪಿನ ಗ್ರಾಹಕ ಗುರುತಿಸಿದ್ದಕ್ಕೆ ಸೇರಿ 2021ರ ವೈದ್ಯಕೀಯ ನೊಬೆಲ್ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್‌ಗೆ ಹೋಯ್ತು. ನಿದ್ದೆ ಬರೋಕೆ ಆ ಸಮಾಧಾನ ಸಾಕು ಅಂದ್ರೆ ನಂದೇನೂ ಅಭ್ಯಂತರ ಇಲ್ಲ, ಎರಡು ವರ್ಷದೊಳಗಿನ ಮಕ್ಕಳ ಮೂಗಿಗೆ ಎದೆಗೆ ಮಾತ್ರ ಮೆಂಥಾಲ್ ಕರ್ಪೂರ ಎರಡೂ ಬೇಡ. ಅದೇ ಪೆಪ್ಪರ್‌ಮಿಂಟ್ ಎಣ್ಣೆ ಕರುಳಿನ ಹಿಡಿತ ಸಡಿಲ ಮಾಡತ್ತೆ, ಐಬಿಎಸ್ ಅನ್ನೋ ಕರುಳಿನ ತೊಂದರೆ ಇರೋರ ಹೊಟ್ಟೆನೋವಿಗೆ ಡಾಕ್ಟರ್‌ಗಳೂ ಕೊಡ್ತಾರೆ, ಆದ್ರೆ ಹೊಟ್ಟೇಲಿ ಕರಗದೆ ಕರುಳಲ್ಲೇ ಕರಗೋ ಲೇಪನ ಇರೋ ಕ್ಯಾಪ್ಸೂಲ್‌ನಲ್ಲಿ. ಯಾಕಂದ್ರೆ ಮೇಲೇ ಕರಗಿದ್ರೆ ಅನ್ನನಾಳದ ಕೆಳಗಿನ ಬಾಗಿಲನ್ನೂ ಸಡಿಲ ಮಾಡಿ ಹುಳಿ ಮೇಲೆ ಬರತ್ತೆ. ಅಸಿಡಿಟಿಗೆ ಪೆಪ್ಪರ್‌ಮಿಂಟ್ ಟೀ ಕುಡೀರಿ ಅನ್ನೋ ಸಲಹೆ ಕೆಲವರಿಗೆ ಉಲ್ಟಾ ಹೊಡಿಯೋದು ಇದಕ್ಕೇ.

ಮೆಂತ್ಯ ಬೇಗ ಮುಗಿಸ್ತೀನಿ. ರಾತ್ರಿ ನೆನೆಸಿದ ಕಾಳಿನ ಸುತ್ತ ಲೋಳೆ ಬರತ್ತಲ್ಲ, ಅದು ಗ್ಯಾಲಕ್ಟೋಮನ್ನನ್ ಅನ್ನೋ ನಾರು, ಊಟದ ಸಕ್ಕರೆ ರಕ್ತಕ್ಕೆ ಇಳಿಯೋದನ್ನ ನಿಧಾನ ಮಾಡೋದು ಅದೇ. ಅಂದ್ಮೇಲೆ ನೀರು ಮಾತ್ರ ಕುಡಿದು ಕಾಳು ಚೆಲ್ಲೋದ್ರಲ್ಲಿ ಅರ್ಥ ಇಲ್ಲ, ಕಾಳು ಸಮೇತ ಊಟದ ಜೊತೆನೇ ಹೋಗಬೇಕು. ಶುಗರ್ ಮಾತ್ರೆ ತಗೊಳ್ಳೋರು ಇದನ್ನೂ ಜೋರಾಗಿ ಶುರು ಮಾಡಿದ್ರೆ ಶುಗರ್ ತೀರಾ ಇಳಿಯೋ ಸಾಧ್ಯತೆ ಇದೆ, ಮೀಟರ್ ಕೈಲಿರಲಿ. ಬೆವರು ಒಂಥರಾ ಸಿಹಿ ವಾಸನೆ ಬಂದ್ರೆ ಗಾಬರಿ ಆಗ್ಬೇಡಿ, ಸೊಟೊಲೋನ್ ಅಂತ, ಮೆಂತ್ಯದ್ದೇ ಅದು.

ಚಕ್ಕೆಲಿ ಎರಡು ಜಾತಿ ಇದೆ ಅನ್ನೋದೇ ಬಹಳ ಜನಕ್ಕೆ ಗೊತ್ತಿಲ್ಲ. ದಪ್ಪಗೆ, ಗಟ್ಟಿಯಾಗಿ, ಮುರಿಯೋಕೆ ಕಷ್ಟ ಆಗೋದು ಕ್ಯಾಸಿಯಾ. ಕಾಗದದಷ್ಟು ತೆಳು ಪದರ ಪದರವಾಗಿ ಸುರುಳಿ ಸುತ್ತಿಕೊಂಡು, ಬೆರಳಲ್ಲೇ ಪುಡಿ ಆಗೋದು ಸಿಲೋನ್ ದಾಲ್ಚಿನ್ನಿ. ಕ್ಯಾಸಿಯಾದಲ್ಲಿ ಕೂಮರಿನ್ ಅನ್ನೋ ಪದಾರ್ಥ ಜಾಸ್ತಿ, ಅದು ಕೆಲವರಿಗೆ ಲಿವರ್‌ಗೆ ತೊಂದರೆ ಕೊಡತ್ತೆ. ಯುರೋಪಿನವರು ಹಾಕಿರೋ ಮಿತಿ ದೇಹದ ತೂಕ ಕೆಜಿಗೆ ದಿನಕ್ಕೆ 0.1 ಮಿಲಿಗ್ರಾಂ ಕೂಮರಿನ್, 60 ಕೆಜಿ ಇರೋರು ದಿನಾ ಸುಮಾರು 2 ಗ್ರಾಂ ಕ್ಯಾಸಿಯಾ ಪುಡಿ ತಿಂದ್ರೆ ಆ ಮಿತಿ ಮುಟ್ಟಿಬಿಡತ್ತೆ. ತೂಕ ಇಳಿಸೋಕೆ ತಿಂಗಳುಗಟ್ಟಲೆ ಚಮಚಗಟ್ಟಲೆ ಚಕ್ಕೆ ಪುಡಿ ಅನ್ನೋ ವಿಡಿಯೋಗಳನ್ನ ನೋಡಿದಾಗ ನಂಗೆ ಸಿಟ್ಟು ಬರೋದು ಇದಕ್ಕೆ. ಅತಿಮಧುರವೂ ಹೀಗೇ, ಗಂಟಲು ಕೆರೆತಕ್ಕೆ ಒಂದು ಚೂರು ಬಾಯಲ್ಲಿಟ್ಟು ಚೀಪಿದ್ರೆ ಹಿತವಾಗಿರತ್ತೆ, ಎರಡು ಮೂರು ದಿನಕ್ಕೆ ಅಡ್ಡಿ ಇಲ್ಲ, ಆದ್ರೆ ವಾರಗಟ್ಟಲೆ ದಿನಾ ತಗೊಂಡ್ರೆ ಅದ್ರಲ್ಲಿರೋ ಗ್ಲಿಸಿರೈಝಿನ್ ದೇಹದಲ್ಲಿ ಉಪ್ಪು ನೀರು ಹಿಡಿದಿಟ್ಟು ಪೊಟ್ಯಾಸಿಯಂ ಕಳೆದು ಬಿಪಿ ಏರಿಸತ್ತೆ, ಹೃದಯದ ಬಡಿತವೂ ಏರುಪೇರಾಗಬಹುದು. ಬಿಪಿ ಇರೋರು ಕೆಮ್ಮಿಗೆ ಅಂತ ಕೊಡೋ ಪುಡಿಗಳ ಹಿಂದೆ ಇದರ ಹೆಸರು ಇದೆಯಾ ಅಂತ ಓದ್ಕೊಳ್ಳಿ. ಕೆಮ್ಮಿಗೆ ಜೇನುತುಪ್ಪ ಒಳ್ಳೇದೇ, ಮಕ್ಕಳ ರಾತ್ರಿ ಕೆಮ್ಮಿಗೆ ಆಧಾರವೂ ಇದೆ, ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಒಂದು ಹನಿಯೂ ನೆಕ್ಕಿಸಬಾರದು, ಬಾಟ್ಯುಲಿಸಂ ಅನ್ನೋ ಅಪಾಯದ ಕಾಯಿಲೆ ತರೋ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು, ಕುದಿಸಿದ್ರೂ ಅವು ಸಾಯಲ್ಲ.

ಕೊನೇದಾಗಿ ಒಂದು, ಆಪರೇಷನ್‌ಗೆ ಮುಂಚೆ ಯಾವ ಯಾವ ಮಾತ್ರೆ ತಗೋತಿದೀರ ಅಂತ ಡಾಕ್ಟರ್ ಕೇಳಿದಾಗ ನಾವು ಬಿಪಿ ಶುಗರ್ ಹೇಳ್ತೀವಿ, ಬೆಳ್ಳುಳ್ಳಿ ಕ್ಯಾಪ್ಸೂಲ್, ಅರಿಶಿನದ ಮಾತ್ರೆ, ಶುಂಠಿ ಪುಡಿ ಹೇಳಲ್ಲ, ಅವು ಮನೇದು ಅಂತ. ಬೆಳ್ಳುಳ್ಳಿ ರಕ್ತ ಹೆಪ್ಪುಗಟ್ಟೋದನ್ನ ತಡ ಮಾಡತ್ತೆ, ಸಪ್ಲಿಮೆಂಟ್ ರೂಪದಲ್ಲಿ ತಗೊಳ್ಳೋರಿಗೆ ಆಪರೇಷನ್‌ಗೆ ಕನಿಷ್ಠ ಒಂದು ವಾರ ಮೊದಲೇ ನಿಲ್ಲಿಸಿ ಅಂತಾರೆ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ವಾರ್‌ಫರಿನ್ ಮಾತ್ರೆ ತಗೊಳ್ಳೋರಂತೂ ಇವುಗಳಲ್ಲಿ ಯಾವುದನ್ನ ದಿನಾ ಶುರು ಮಾಡಿದ್ರೂ, ದಿನಾ ತಗೋತಿದ್ದದ್ದನ್ನ ದಿಢೀರ್ ಅಂತ ನಿಲ್ಲಿಸಿದ್ರೂ, ಡಾಕ್ಟರ್‌ಗೆ ಹೇಳಿ ಐಎನ್‌ಆರ್, ಅಂದ್ರೆ ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯತ್ತೆ ಅಂತ ನೋಡೋ ಟೆಸ್ಟ್, ಒಂದ್ಸಲ ಚೆಕ್ ಮಾಡಿಸ್ಕೊಳ್ಳಿ.